ಅರ್ಧ ದಾರಿಯಲ್ಲಿ ಕೂತ ಅತಿಥಿ

ಆ ಊರು ಎಲ್ಲಿದೆ ಎಂದು ಕೇಳಬೇಡಿ. ಕೇಳಿದರೆ ಅರ್ಧ ದಾರಿ ಮಾತ್ರ ಹೇಳಿಕೊಡುತ್ತೇನೆ, ಏಕೆಂದರೆ ಆ ಊರಿನ ಕಟ್ಟಳೆಯೇ ಅದು. ಅಲ್ಲಿ ಅತಿಥಿಯಾದವನು ಹೊರಡುವಾಗ ಸುಮ್ಮನೆ ಎದ್ದು ಹೋಗುವಂತಿಲ್ಲ. 'ದಾರಿ ಕೊಡಿ' ಎಂದು ಕೇಳಬೇಕು. ಆಗ ಊರು ಅವನಿಗೆ ಅರ್ಧ ದಾರಿ ಕೊಡುತ್ತದೆ. ಇನ್ನರ್ಧವನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ, ಮತ್ತೆ ಬರಲಿ ಎಂದು. ಪೂರ್ತಿ ದಾರಿ ಸಿಗುವುದು ಸತ್ತವರಿಗೆ ಮಾತ್ರ, ಏಕೆಂದರೆ ಅವರು ಮತ್ತೆ ಬಂದರೆ ಯಾರಿಗೂ ಅಷ್ಟು ಸಂತೋಷವಿಲ್ಲ.

ದಾರಿ ಕೊಡುವ ಕೆಲಸಕ್ಕೆಂದೇ ಅಲ್ಲಿ ಒಂದು ಮನೆ ಇತ್ತು. ಆ ಮನೆಯ ಗೂಟದಲ್ಲಿ ಒಣಗಿಸಿದ ಸೋರೆಬುರುಡೆಯೊಂದು ತೂಗುತ್ತಿತ್ತು. ಊರಿಗೆ ಬಂದವನು ಆ ಮನೆಯ ಹೊಸ್ತಿಲು ದಾಟಿ, ಆ ಬುರುಡೆಯಿಂದ ನೀರು ಕುಡಿದರೆ ಅತಿಥಿಯಾದ. ಹೊರಡುವ ದಿನ ಆ ಮನೆಯ ಹೆಂಗಸು ಬುರುಡೆಯ ತುಂಬ ನೀರು ತುಂಬಿ, ಅರ್ಧವನ್ನು ಅವನ ಕಾಲ ಮುಂದೆ ಸುರಿಯುತ್ತಿದ್ದಳು, ಅರ್ಧವನ್ನು ಉಳಿಸಿ ಗೂಟಕ್ಕೆ ತೂಗುಹಾಕುತ್ತಿದ್ದಳು. ಅವನು ಮತ್ತೆ ಬಂದಾಗ ಮೊದಲು ಕುಡಿಯುವುದು ಆ ಉಳಿದ ನೀರನ್ನೇ. ಅರ್ಧ ಸುರಿ, ಅರ್ಧ ಉಳಿಸು. ಇಷ್ಟೇ ಅವಳ ವಿದ್ಯೆ. ಬದುಕಿರುವ ಅತಿಥಿಗೆ ಯಾರಾದರೂ ಬುರುಡೆ ಪೂರ್ತಿ ಬಗ್ಗಿಸಿದರೆ, ಅವಳ ಮನೆಯ ಹೊಸ್ತಿಲನ್ನು ಮುಂದೆ ಯಾವ ಅತಿಥಿಯೂ ದಾಟುವಂತಿರಲಿಲ್ಲ. ಹಾಗೆ ಮಾಡಿದವಳು ಆ ಮನೆತನದಲ್ಲಿ ಒಬ್ಬಳೂ ಇರಲಿಲ್ಲ.

ನಮ್ಮ ಕಥೆಯ ಹೊತ್ತಿಗೆ ಆ ಕೆಲಸ ಮಾಡುತ್ತಿದ್ದವಳನ್ನು ದಾರಿ ಕೊಡುವವಳು ಎಂದು ಕರೆಯೋಣ. ಊರವರೂ ಹಾಗೇ ಕರೆಯುತ್ತಿದ್ದರು. ಐವತ್ತೈದು ದಾಟಿದ, ಮಾತು ಕಡಿಮೆಯ, ಯಾರಿಗೂ ಇಲ್ಲ ಎನ್ನಲು ಬಾರದ ಹೆಂಗಸು. ಅವಳಿಗೆ ದಿನ ಬೆಳಗಾದರೆ ಒಂದು ಕೆಲಸ ಕಾದಿರುತ್ತಿತ್ತು. ಗೂಟದ ಬುರುಡೆಯನ್ನು ಇಳಿಸಿ, ಒಳಗೆ ಬೆರಳಿಟ್ಟು ನೋಡಿ, ಬಿಸಿಲಿಗೆ ಎಷ್ಟು ಆರಿದೆಯೋ ಅಷ್ಟು ನೀರು ಹಾಕಿ, ಮತ್ತೆ ಸರಿಯಾಗಿ ಅರ್ಧಕ್ಕೆ ತರುವುದು. ಮೂವತ್ತು ವರ್ಷದಿಂದ ಅವಳು ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅದಕ್ಕೂ ಮೊದಲು ಮೂವತ್ತು ವರ್ಷ ಅವಳ ಅವ್ವ ತಪ್ಪಿಸಿರಲಿಲ್ಲ. ಆ ಅರ್ಧ ನೀರು ಅತಿಥಿಯದು.

ಯಾವ ಅತಿಥಿ ಎನ್ನುವಿರಿ. ಅದನ್ನೇ ಹೇಳಲು ಹೊರಟೆ.

ಅವನು ಕಡಲಾಚೆಯಿಂದ ಬಂದವನು. ಬಂದು, ನೀರು ಕುಡಿದು, ನೂರು ವರ್ಷ ಉಳಿದ. ನೂರು ವರ್ಷ ಉಳಿದವನು ಒಬ್ಬನೇ ಹೇಗಾದಾನು ಎಂದರೆ, ಅವರ ಮನೆಯಲ್ಲಿ ಅಪ್ಪ ಮಗ ಮೊಮ್ಮಗ ಎಲ್ಲರಿಗೂ ಒಂದೇ ಟೋಪಿ, ಒಂದೇ ಮೀಸೆ. ಊರವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಉಳಿದಷ್ಟು ಕಾಲ ಊರನ್ನು ತನ್ನದೇ ಎಂದು ಆಳಿದ. ಊರಿನಿಂದ ಕಡಲಿನವರೆಗೆ, ಹಿನ್ನೀರಿನ ಮೇಲೆ, ಎರಡು ಸಾವಿರ ಹೆಜ್ಜೆಯ ಹಲಗೆ ದಾರಿ ಕಟ್ಟಿಸಿದ. ಕಟ್ಟಿದ್ದು ತಾನೇ ಎಂದು ಅವನು ಹೇಳುತ್ತಿದ್ದ, ಹಲಗೆ ಹೊತ್ತದ್ದು ಮಾತ್ರ ಊರವರ ಹೆಗಲು. ಕೊನೆಗೆ ಒಂದು ದಿನ ಊರವರು ಸಾಕು ಎಂದರು. ಅತಿಥಿ ಬೇಸರ ಮಾಡಿಕೊಳ್ಳಲಿಲ್ಲ. ಟೋಪಿ ಎತ್ತಿ, "ಸರಿ, ದಾರಿ ಕೊಡಿ" ಎಂದ.

ಆಗ ಬುರುಡೆ ಹಿಡಿದಿದ್ದವಳು ಅವ್ವ, ಇನ್ನೂ ಮೂವತ್ತರ ಹೆಂಗಸು. ಎಲ್ಲರಿಗೂ ಕೊಡುವಂತೆ ಅವನಿಗೂ ಮರ್ಯಾದೆಯಿಂದ ಅರ್ಧ ದಾರಿ ಕೊಟ್ಟಳು. ಅತಿಥಿ ಪೆಟ್ಟಿಗೆ, ಕೊಡೆ, ದೂರದರ್ಶಕದ ಕೊಳವೆ, ಕುರ್ಚಿ ಎಲ್ಲ ತೆಗೆದುಕೊಂಡು ಹೊರಟ. ಡೋಲು ಬಾರಿಸಿದರು, ಅತ್ತರು, ಕುಣಿದರು. ಅವನು ಹಲಗೆ ದಾರಿಯಲ್ಲಿ ಹೆಜ್ಜೆ ಎಣಿಸುತ್ತ ಹೋದ. ಸರಿಯಾಗಿ ಸಾವಿರ ಎಣಿಸಿ ನಿಂತ. ಕೊಡೆ ಬಿಡಿಸಿದ. ಕುರ್ಚಿ ಹಾಕಿ ಕೂತ.

"ಯಾಕೆ ದೊರೆ, ಏನಾಯ್ತು?" ಎಂದು ಊರವರು ಓಡಿಬಂದರು.

"ಏನಿಲ್ಲ. ನೀವು ಕೊಟ್ಟದ್ದು ಇಲ್ಲಿಯವರೆಗೇ ಅಲ್ಲವೇ?" ಎಂದ ಅತಿಥಿ, ಬಲು ವಿನಯದಿಂದ. "ನಿಮ್ಮ ಸಂಪ್ರದಾಯವನ್ನು ನಾನು ಮೀರುವವನಲ್ಲ."

ಲೋಕದ ಬೇರೆ ಅತಿಥಿಗಳೆಲ್ಲ ಅರ್ಧ ದಾರಿ ಪಡೆದು ಪೂರ್ತಿ ಮನೆಗೆ ಹೋಗಿಬಿಡುತ್ತಿದ್ದರು. ಅರ್ಧವನ್ನು ಅಳೆದು ಕೂತವನನ್ನು ಊರು ಅಂದೇ ಮೊದಲು ಕಂಡದ್ದು. ಊರವರು ಅವನಿಗೆ ಊಟ ಕಳಿಸಿದರು.

ಹೀಗೆ ಅರವತ್ತು ವರ್ಷವಾಯಿತು.

ಅತಿಥಿ ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಮನೆಯ ಚಪ್ಪಲಿ ಹಾಕಿಕೊಂಡು ಕೂತಿರುತ್ತಿದ್ದ. "ಹೊರಟೆ, ಹೊರಟೆ" ಎನ್ನುತ್ತಿದ್ದ. ಪೆಟ್ಟಿಗೆ ಕಟ್ಟಿಯೇ ಇತ್ತು. ಕಡಲಿಗೆ ಹೋಗುವ ಶೇಂಗಾ ಮೂಟೆಗಳೆಲ್ಲ ಅವನ ಮುಂದೆಯೇ ಹೋಗಬೇಕು; ಅವನು ಒಂದು ಕಾಳು ಬಾಯಿಗೆ ಹಾಕಿ, ಮುಖ ಸಿಂಡರಿಸಿ, "ಪರವಾಗಿಲ್ಲ" ಎಂದರೆ ಅವನ ಹಡಗಿಗೆ ಹೋಗುತ್ತಿತ್ತು. ಅದೇ ಶೇಂಗಾ ಎಣ್ಣೆಯಾಗಿ, ಅವನ ಮುಖದ ಚಿತ್ರವಿದ್ದ ಬಾಟಲಿಯಲ್ಲಿ ವಾಪಸು ಬರುತ್ತಿತ್ತು. ಮೀನುಗಾರರು ಬಲೆ ಹೊತ್ತು ಬಂದರೆ ಅವನು ಕೊಳವೆಗೆ ಕಣ್ಣಿಟ್ಟು ಕಡಲನ್ನು ನೋಡಿ, "ಇಂದಿನ ಕಡಲು ನಿಮಗೆ ಒಗ್ಗುವುದಿಲ್ಲ" ಎನ್ನುತ್ತಿದ್ದ. ಊರಿಗೆ ಹೊಸ ಹಿರಿಯ ಬೇಕಾದಾಗ ಊರವರೆಲ್ಲ ಸೇರಿ ತಾವೇ ಆರಿಸುತ್ತಿದ್ದರು. ಆರಿಸಿದ ಮೇಲೆ, ಯಾರನ್ನು ಆರಿಸಿದೆವು ಎಂದು ತಿಳಿದುಕೊಳ್ಳಲು ಅರ್ಧ ದಾರಿಗೆ ಹೋಗುತ್ತಿದ್ದರು. ಅವನ ಅಕ್ಕಪಕ್ಕ ಇಬ್ಬರು ಪಹರೆಯವರು ಕೋವಿ ಹಿಡಿದು ನಿಂತಿರುತ್ತಿದ್ದರು. ಇವರು ಯಾಕೆ ಎಂದು ಕೇಳಿದರೆ, "ನಿಮ್ಮ ರಕ್ಷಣೆಗೆ" ಎನ್ನುತ್ತಿದ್ದ. ಯಾರಿಂದ ರಕ್ಷಣೆ ಎಂದು ಕೇಳುವುದು ಮರ್ಯಾದೆಯಲ್ಲ ಎಂದು ಊರವರು ಕೇಳುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಬೀಳ್ಕೊಡುಗೆಯ ಹಬ್ಬ. ಊರೆಲ್ಲ ಡೋಲು ಹೊಡೆದುಕೊಂಡು ಸಾವಿರ ಹೆಜ್ಜೆ ಬರುತ್ತಿತ್ತು. ಅತಿಥಿ ಎದ್ದು ನಿಂತು, ಕಣ್ಣೀರು ಹಾಕಿ, "ನನ್ನ ಪ್ರೀತಿಯ ಊರೇ, ಹೊರಟೆ" ಎಂದು ಎರಡು ಹೆಜ್ಜೆ ಇಡುತ್ತಿದ್ದ. ಮೂರನೆಯದಕ್ಕೆ ಏನೋ ಮರೆತದ್ದು ನೆನಪಾಗುತ್ತಿತ್ತು. ಒಂದು ವರ್ಷ ಕೊಡೆ. ಒಂದು ವರ್ಷ ಕನ್ನಡಕ. ಒಂದು ವರ್ಷ ತಾನು ಏನು ಮರೆತೆ ಎಂಬುದನ್ನೇ ಮರೆತು, ಅದನ್ನು ನೆನಪಿಸಿಕೊಳ್ಳಲು ಕೂತ. ಊರವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು. ಹುಟ್ಟಿದಾಗಿನಿಂದ ನೋಡಿದ ಹಬ್ಬವಾದ್ದರಿಂದ, ಅದರಲ್ಲಿ ಯಾರೂ ಹೋಗುವುದಿಲ್ಲ ಎಂಬುದು ಹಲವರಿಗೆ ಹೊಳೆದೇ ಇರಲಿಲ್ಲ.

ಸತ್ತವರ ಪಾಡು ಮಾತ್ರ ಕೆಟ್ಟಿತು. ಮೊದಲು ಚಟ್ಟಗಳು ಹಲಗೆ ದಾರಿಯಲ್ಲೇ ಕಡಲಿಗೆ ಹೋಗುತ್ತಿದ್ದವು. ಹೆಣ ನೋಡಿದರೆ ತನಗೆ ಊಟ ಸೇರುವುದಿಲ್ಲ ಎಂದು ಅತಿಥಿ ಒಮ್ಮೆ ಹೇಳಿದ್ದೇ ತಡ, ಅಂದಿನ ಹಿರಿಯ ಚಟ್ಟಗಳನ್ನು ಕೆಸರಿನ ದಾರಿಗೆ ತಿರುಗಿಸಿಬಿಟ್ಟ. ಅಂದಿನಿಂದ ಊರಿನ ಸತ್ತವರೆಲ್ಲ ಹಿನ್ನೀರಿನ ಅಂಚಿನ ಮೊಣಕಾಲುದ್ದ ಕೆಸರಲ್ಲಿ, ಹೊರುವವರು ಜಾರಿ ಬಿದ್ದಾಗಲೆಲ್ಲ ತಾವೂ ಬೀಳುತ್ತ, ಕಡಲು ಸೇರುತ್ತಿದ್ದರು.

ಕೂತು ಕೂತು ಅತಿಥಿಗೆ ಹೊತ್ತು ಹೋಗಬೇಕಲ್ಲ, ಅವನು ಆ ಊರಿನ ಸಂಪ್ರದಾಯಗಳ ಬಗ್ಗೆ ದಪ್ಪನೆಯ ಪುಸ್ತಕವೊಂದನ್ನು ಬರೆದ. ಊರವರಿಗೆ ತಮ್ಮ ಕಟ್ಟಳೆಯಲ್ಲಿ ಏನಾದರೂ ಅನುಮಾನ ಬಂದರೆ ಅವನನ್ನೇ ಕೇಳುತ್ತಿದ್ದರು. ಅವನು ಪುಟ ತಿರುವಿ ಹೇಳುತ್ತಿದ್ದ.

ಹೀಗಿರಲು ಒಂದು ಬೆಳಿಗ್ಗೆ ಅವ್ವ ಹಾಸಿಗೆಯಲ್ಲಿ ಎದ್ದು ಕೂತು, "ನಾನು ಹೊರಟೆ ಕಣೇ" ಎಂದಳು.

ದಾರಿ ಕೊಡುವವಳು ಬುರುಡೆಯಲ್ಲಿ ಬೆರಳಿಟ್ಟಿದ್ದವಳು ತಿರುಗಿ ನೋಡಿದಳು. ಅವ್ವನಿಗೆ ತೊಂಬತ್ತು. ಹನ್ನೊಂದು ವರ್ಷದಿಂದ ಅವಳು ಹೊರಡುತ್ತಲೇ ಇದ್ದಳು. ಕೊನೆಯ ದಿನಕ್ಕೆಂದು ನೇಯಿಸಿದ ಇಂಡಿಗೋ ನೀಲಿಯ ಬಟ್ಟೆಯನ್ನು ಏಳು ಸಲ ಒಗೆದು, ಒಣಗಿಸಿ, ಮಡಿಸಿಟ್ಟಿದ್ದಾಗಿತ್ತು.

"ಇವತ್ತೇನಾಯ್ತು ಅವ್ವಾ?"

"ಮಂಡಿ ಹೋಯ್ತು, ಹಲ್ಲು ಹೋಯ್ತು, ನನ್ನ ಜೊತೆಯವರೆಲ್ಲ ಹೋದರು. ಮಾತಾಡೋಣ ಅಂದ್ರೆ ನೀನೊಬ್ಬಳು, ಬಾಯಲ್ಲಿ ಬೆಣೆ ಹೊಡ್ಕೊಂಡಿರ್ತೀಯ. ಇನ್ನೇನು ನೋಡಲಿ? ಚಟ್ಟ ಕಟ್ಟಿಸು."

"ಚಟ್ಟ ಕಟ್ಟಿಸಬಹುದು. ಆದ್ರೆ ಕೆಸರಿನ ದಾರಿ..."

"ಕೆಸರಿನ ದಾರೀಲಿ ನಿಮ್ಮ ಹಿರಿಯ ಹೋಗಲಿ!" ಎಂದು ಅವ್ವ ಗುಡುಗಿದಳು. ಪಕ್ಕದ ಮನೆಯಲ್ಲಿ ಮೀನು ಹೊಗೆಗಿಡುತ್ತಿದ್ದ ಮೀನಿನವಳು ಗೋಡೆಗೆ ಕಿವಿ ಹಚ್ಚಿದಳು. "ಇಲ್ಲಿ ನೋಡೇ." ಅವ್ವ ಬಟ್ಟೆ ಜಾರಿಸಿ ಎಡಹೆಗಲು ತೋರಿಸಿದಳು. ಮೂಳೆಯ ಮೇಲೆ ಹಳೆಯ ಗಂಟು, ಕಪ್ಪಗೆ, ಗಟ್ಟಿಯಾಗಿ ಕೂತಿತ್ತು. "ಹದಿನಾಲ್ಕು ವರ್ಷದವಳಿದ್ದೆ. ನೂರಾ ಎಪ್ಪತ್ತು ಹಲಗೆ ಹೊತ್ತಿದ್ದೀನಿ ಈ ಹೆಗಲ ಮೇಲೆ. ನನ್ನ ಹಲಗೆ ಮೇಲೆ ನಾನು ಹೋಗ್ತೀನಿ. ಪೂರ್ತಿ ಹೋಗ್ತೀನಿ. ಇಲ್ಲದಿದ್ರೆ ಹೋಗೋದೇ ಇಲ್ಲ. ಹೀಗೇ ಕೂತಿರ್ತೀನಿ, ಅವನ ಹಾಗೆ."

ದಾರಿ ಕೊಡುವವಳು ಗಂಟಿನ ಮೇಲೆ ಬೆರಳಿಟ್ಟಳು. ಆ ಗಂಟನ್ನು ಅವಳು ಎಷ್ಟೋ ಸಲ ಎಣ್ಣೆ ಹಚ್ಚಿ ತಿಕ್ಕಿದ್ದಳು. ಅದು ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ. ಊರಿನ ಎಲ್ಲ ಅತಿಥಿಗಳಿಗೂ ದಾರಿ ಕೊಟ್ಟ ಮನೆತನದವಳಾದ ತನ್ನ ಕೈಯಿಂದ ಹೆತ್ತವಳಿಗೊಂದು ದಾರಿ ಕೊಡಲಾಗುತ್ತಿಲ್ಲವಲ್ಲ ಎಂದು ಅವಳಿಗೆ ಅಳು ಬಂತು, ನಾಚಿಕೆಯೂ ಆಯಿತು.

ಅವಳು ಹಿರಿಯನ ಹತ್ತಿರ ಹೋದಳು. ಹಿರಿಯ ಒಳ್ಳೆಯವನೇ, ಆದರೆ ಕತ್ತಿನಲ್ಲಿ ಅತಿಥಿ ಕೊಟ್ಟ ಪದಕಗಳು ಎಷ್ಟು ಭಾರವಾಗಿದ್ದವೆಂದರೆ ತಲೆ ಎತ್ತಿ ಮಾತಾಡಲು ಅವನಿಗೆ ಆಗುತ್ತಿರಲಿಲ್ಲ.

"ಅಯ್ಯೋ ತಾಯಿ, ಹಲಗೆ ದಾರೀಲಿ ಚಟ್ಟವೇ? ಅತಿಥಿ ನೊಂದುಕೊಳ್ಳುವುದಿಲ್ಲವೇ?" ಎಂದ ಅವನು ನೆಲ ನೋಡುತ್ತ. "ಹೋಗಲಿ, ಇನ್ನು ಸ್ವಲ್ಪ ದಿನ ತಡೆಯಲು ಹೇಳು. ಅವರೇನು ಇಲ್ಲೇ ಇರ್ತಾರಾ? ಹೊರಟು ನಿಂತವರು."

ಅಲ್ಲಿಂದ ಅವಳು ಅರ್ಧ ದಾರಿಗೇ ಹೋದಳು. ಅತಿಥಿ ಎದ್ದು ನಿಂತು ಟೋಪಿ ಎತ್ತಿದ. ಮರ್ಯಾದೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ದೊರೆ, ನೀವು ಯಾವತ್ತು ಹೋಗ್ತೀರಿ?" ಎಂದಳು. ಜೀವಮಾನದಲ್ಲಿ ಅವಳು ಕೇಳಿದ ಅತಿ ಒರಟು ಮಾತು ಅದು. ಕೇಳಿ ಅವಳೇ ಬೆವತಳು.

ಅತಿಥಿ ನಕ್ಕ. "ಯಾವತ್ತು ಹೋಗುತ್ತೇನೆ ಎಂದರೆ? ನಾನು ಹೋಗಿ ಅರವತ್ತು ವರ್ಷವಾಯಿತಲ್ಲ! ಹೊರಟವನು ಹೋದ ಹಾಗೆಯೇ. ನಿಮ್ಮ ತಾಯಿಯೇ ನೀರು ಸುರಿದರು, ಡೋಲು ಹೊಡೆದಿರಿ, ಅತ್ತಿರಿ. ಎಲ್ಲಾ ನನ್ನ ಪುಸ್ತಕದಲ್ಲಿದೆ. ಇಲ್ಲಿ ನೀವು ಕಾಣುತ್ತಿರುವುದು ನನ್ನನ್ನಲ್ಲ, ನನ್ನ ಪ್ರೀತಿಯನ್ನು. ಅಂದ ಹಾಗೆ, ಮನೆಯಲ್ಲಿ ನನ್ನ ನೀರು ಹೇಗಿದೆ?"

"ಅರ್ಧವಿದೆ," ಎಂದಳು ಅವಳು, ಅಭ್ಯಾಸಬಲದಿಂದ.

"ಬಹಳ ಸಂತೋಷ," ಎಂದ ಅತಿಥಿ, ಕೂತ.

ಮನೆಗೆ ಬಂದು ಆಡಿದ ಮಾತನ್ನೆಲ್ಲ ಅವ್ವನಿಗೆ ಒಪ್ಪಿಸಿದಳು. ಅವ್ವ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಒಂದು ಕಣ್ಣು ತೆರೆದಳು.

"ಹೊರಟವನು ಹೋದ ಹಾಗೆ ಅಂದನಾ?"

"ಅಂದ."

"ಅವನ ಬಾಯಿಂದಲೇ ಅಂದನಾ?"

"ಹೌದವ್ವಾ."

"ಹಾಗಾದ್ರೆ ನನಗೆ ಆ ನೀಲಿ ಬಟ್ಟೆ ಕೊಡು," ಎಂದಳು ಅವ್ವ. "ನಾಲ್ಕಾಳು ಕರಿ. ಅಲ್ಲ, ಮೂರೇ ಸಾಕು. ಬುರುಡೆ ಮರೀಬೇಡ."

ಮೀನಿನವಳು ಗೋಡೆಯಾಚೆಯಿಂದ, "ಒಂದು ಹೆಗಲು ನನ್ನದು!" ಎಂದು ಕೂಗಿದಳು.

ಊಟದ ಹೊತ್ತಿಗೆ ಸರಿಯಾಗಿ ಚಟ್ಟ ಹಲಗೆ ದಾರಿಗೆ ಬಂತು. ಮುಂದೆ ದಾರಿ ಕೊಡುವವಳು, ಕೈಯಲ್ಲಿ ಅರ್ಧ ನೀರಿನ ಬುರುಡೆ. ಹಿಂದೆ ಚಟ್ಟ, ಮೂರು ಮೂಲೆಗೆ ಮೂವರು; ನಾಲ್ಕನೆಯ ಮೂಲೆ ಕೆಳಗೆ ಜೋಲುತ್ತಿತ್ತು, ಅವ್ವ ಆ ಕಡೆಯ ಬಿದಿರನ್ನು ಗಟ್ಟಿಯಾಗಿ ಹಿಡಿದು ಮಲಗಿದ್ದಳು. ನೀಲಿ ಬಟ್ಟೆ ಉಟ್ಟು, ದೊಡ್ಡವರು ಹೊರಟಾಗ ಬಾಯಲ್ಲಿಡುವ ಕಹಿ ಕೋಲಾ ಕಾಯಿಯನ್ನು ಒಸಡಿನಲ್ಲಿ ಒತ್ತಿ ಹಿಡಿದಿದ್ದಳು. ಹೊರುವವರು ಹೆಜ್ಜೆ ತಪ್ಪಿದಾಗ ಕಾಯಿಯನ್ನು ಬಾಯಿಂದ ತೆಗೆದು ಬೈದು, ಮತ್ತೆ ಇಟ್ಟುಕೊಳ್ಳುತ್ತಿದ್ದಳು. ಹಿಂದೆ ಊರೆಲ್ಲ ಬಂತು. ಹಿರಿಯನೂ ಬಂದ, ತಡೆಯಲೆಂದು. ಆದರೆ ಪದಕಗಳ ಭಾರಕ್ಕೆ ಹಿಂದೆ ಬಿದ್ದ.

ಸಾವಿರದ ಹೆಜ್ಜೆಯಲ್ಲಿ ಅತಿಥಿ ಕರವಸ್ತ್ರ ಹಾಸಿಕೊಂಡು ಊಟಕ್ಕೆ ಕೂತಿದ್ದ. ಚಟ್ಟ ನೋಡಿ ಚಮಚ ಕೆಳಗಿಟ್ಟ.

"ಇದೇನಿದು?"

"ನಮ್ಮವ್ವ ಹೊರಟಳು, ದೊರೆ," ಎಂದಳು ದಾರಿ ಕೊಡುವವಳು. "ದಾರೀಲಿ ಎದುರಾದವರು ಎದ್ದು ಹೆಗಲು ಕೊಡಬೇಕು. ಕೊನೆಯವರೆಗೆ ಬರಬೇಕು. ಇದು ನಮ್ಮ ಕಟ್ಟಳೆ. ನಿಮ್ಮ ಪುಸ್ತಕದಲ್ಲಿ ಇರಬೇಕು."

ಅತಿಥಿ ಪುಸ್ತಕ ತೆಗೆದ. ಪುಟ ತಿರುವಿದ. ಅದು ಇತ್ತು. ಅವನದೇ ಅಕ್ಷರದಲ್ಲಿ, ಪಕ್ಕದಲ್ಲೊಂದು ಚಿತ್ರವೂ ಇತ್ತು: ಚಟ್ಟಕ್ಕೆ ಹೆಗಲು ಕೊಟ್ಟ ದಾರಿಹೋಕ. ಕೆಳಗೆ, 'ಇವರ ಅತ್ಯಂತ ಸುಂದರವಾದ ಸಂಪ್ರದಾಯ, ಇದನ್ನು ಯಾರೂ ಎಂದೂ ಮೀರುವುದಿಲ್ಲ' ಎಂದು ಎರಡು ಗೆರೆ ಎಳೆದು ಬರೆದಿದ್ದ.

"ಆದರೆ," ಎಂದ ಅವನು, ಮುಖ ಅರಳಿಸಿ, "ಇವರು ಬದುಕಿದ್ದಾರೆ! ಕಣ್ಣು ಬಿಟ್ಟುಕೊಂಡಿದ್ದಾರೆ!"

ಅವ್ವ ಕೋಲಾ ಕಾಯಿ ತೆಗೆದಳು. "ಹೊರಟವನು ಹೋದ ಹಾಗೆ ಅಂದವನು ಯಾರು ಮಗಾ? ನೀನು ಕೂತ್ಕೊಂಡು ಹೋಗಿದ್ದೀಯ. ನಾನು ಮಲ್ಕೊಂಡು ಹೋಗಿದ್ದೀನಿ. ಇಲ್ಲಿ ಬದುಕಿರೋರು ಯಾರಿದ್ದಾರೆ? ಏಳು, ಹೆಗಲು ಕೊಡು. ಬಿದಿರು ಹಿಡಿದು ಕೈ ಸೋತಿದೆ ನನಗೆ."

ಅತಿಥಿ ಪುಸ್ತಕ ನೋಡಿದ, ಅವ್ವನನ್ನು ನೋಡಿದ, ಊರನ್ನು ನೋಡಿದ. ಅರವತ್ತು ವರ್ಷ ಅವನನ್ನು ಅಲ್ಲಿ ಕೂರಿಸಿದ್ದು ಸಂಪ್ರದಾಯ. ಅದನ್ನು ತಾನೇ ಮೀರಿದರೆ ಕೂರುವುದಕ್ಕೆ ಏನು ಉಳಿಯಿತು? ಪಹರೆಯವರ ಕಡೆ ತಿರುಗಿದ. ಅವರಿಬ್ಬರೂ ಆಗಲೇ ಟೋಪಿ ತೆಗೆದು ತಲೆ ಬಗ್ಗಿಸಿ ನಿಂತಿದ್ದರು. ಇಬ್ಬರೂ ಅದೇ ಊರಿನವರು, ಒಬ್ಬ ಮೀನಿನವಳ ತಮ್ಮನೇ. ಅತಿಥಿ ನಿಟ್ಟುಸಿರು ಬಿಟ್ಟು, ಕರವಸ್ತ್ರ ಮಡಿಸಿ, ಎದ್ದು ಬಂದು ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟ. ಅವನ ಹೆಗಲು ಮಗುವಿನದರಂತೆ ನುಣ್ಣಗಿತ್ತು, ಅದರ ಮೇಲೆ ಅದುವರೆಗೆ ಏನನ್ನೂ ಇಟ್ಟಿರಲಿಲ್ಲ.

ಒಂದು ಹೆಜ್ಜೆ. ಎರಡು ಹೆಜ್ಜೆ. ಮೂರನೆಯದಕ್ಕೆ ಅವನು ರೂಢಿಯಂತೆ ನಿಂತ. "ನನ್ನ ಕೊಡೆ..."

"ತಂದಿದ್ದೀವಿ!" ಎಂದು ಹಿಂದಿನಿಂದ ಹತ್ತು ಜನ ಕೂಗಿದರು.

"ಕನ್ನಡಕ..."

"ತಂದಿದ್ದೀವಿ!"

ಅವನು ಏನೇನು ಮರೆಯಬಹುದೋ ಎಲ್ಲವನ್ನೂ ಊರು ಎತ್ತಿಕೊಂಡಿತ್ತು. ಅರವತ್ತು ಹಬ್ಬಗಳಲ್ಲಿ ಆ ಪಟ್ಟಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಒಬ್ಬ ಪೆಟ್ಟಿಗೆ ಹೊತ್ತಿದ್ದ, ಒಬ್ಬಳು ಕೊಳವೆ, ಇನ್ನೊಬ್ಬಳು ತಿಂದು ಉಳಿದ ತಟ್ಟೆ. ಕುರ್ಚಿಯನ್ನು ಪಹರೆಯವರೇ ಹೊತ್ತರು. ಹಿರಿಯ ಕೂಡ ಕೊನೆಗೆ, ಯಾವ ಕಡೆ ಸೇರಬೇಕೆಂದು ತಿಳಿಯದೆ, ಅವನ ಇನ್ನೊಂದು ಬೂಟನ್ನು ಎದೆಗವಚಿಕೊಂಡು ಬಂದ.

ಹೀಗೆ ಎರಡು ಸಾವಿರ ಹೆಜ್ಜೆ ಮುಗಿದು ಮರಳು ಬಂತು. ಎದುರಿಗೆ ಕಡಲು. ಅತಿಥಿಯ ಹಡಗು ಶೇಂಗಾಕ್ಕಾಗಿ ಕಾದು ನಿಂತಿತ್ತು. ಚಟ್ಟ ಇಳಿಸಿದರು. ಅವ್ವ ಎದ್ದು ಕೂತು, ಬಟ್ಟೆ ಸರಿಮಾಡಿಕೊಂಡು, "ಸುರಿಯೇ" ಎಂದಳು.

ದಾರಿ ಕೊಡುವವಳು ಬುರುಡೆ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ಈ ನೀರನ್ನು ಸುರಿಯದಿದ್ದರೆ ಅತಿಥಿ ಮರಳು ಕೊಡವಿಕೊಂಡು ವಾಪಸು ನಡೆದು, ಸಾವಿರ ಎಣಿಸಿ, ಮತ್ತೆ ಕೂರುತ್ತಾನೆ. ಸುರಿದರೆ ತನ್ನ ಹೊಸ್ತಿಲು ಸತ್ತಿತು. ಅವಳಿಗೆ ಬೇರೆ ಸಂಪತ್ತಿರಲಿಲ್ಲ. ಆ ಮನೆಗೆ ಜನ ಬರುತ್ತಾರೆ ಎಂಬುದೇ ಅವಳ ಸಂಪತ್ತು. ಅಜ್ಜಿ ಮುತ್ತಜ್ಜಿಯರಿಂದ ಬಂದ ಮರ್ಯಾದೆ ತನ್ನ ಕೈಯಲ್ಲಿ ಮಣ್ಣಾಗಬೇಕೇ?

ಅತಿಥಿಗೆ ಅದೆಲ್ಲ ಅರ್ಥವಾಯಿತು, ಪುಸ್ತಕ ಬರೆದವನಲ್ಲವೇ. ಅವನು ಮೆಲ್ಲಗೆ ಹೇಳಿದ: "ನೀವು ಸುರಿಯುವುದಿಲ್ಲ. ನೀವು ತುಂಬಾ ಒಳ್ಳೆಯವರು. ಮೂವತ್ತು ವರ್ಷ ಒಂದು ದಿನ ತಪ್ಪದೆ ನನ್ನ ನೀರು ಕಾದವರು. ನಾನು ಅಲ್ಲಿ ಕೂತಿದ್ದೆ, ನಿಜ. ಆದರೆ ನನ್ನನ್ನು ಇಟ್ಟುಕೊಂಡವರು ನೀವು."

ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ್ದ. ಅವಳಿಗೆ ಅದು ಕೆನ್ನೆಗೆ ಬಿದ್ದ ಏಟಾಯಿತು. ಪ್ರತಿ ಬೆಳಿಗ್ಗೆ ಬೆರಳಿಟ್ಟದ್ದು, ಆರಿದಷ್ಟು ತುಂಬಿದ್ದು, ಅರ್ಧಕ್ಕೆ ತಂದದ್ದು ಎಲ್ಲ ಕಣ್ಣ ಮುಂದೆ ಬಂತು. ಬಿಸಿಲು ಪಾಪ, ಅರವತ್ತು ವರ್ಷದಿಂದ ಆ ನೀರನ್ನು ಆರಿಸಿಬಿಡಲು ದಿನವೂ ಹೆಣಗಿತ್ತು. ಬಿಡದಿದ್ದವಳು ತಾನು.

ಅವಳು ಬುರುಡೆಯನ್ನು ಬಗ್ಗಿಸಿದಳು. ನೀರೆಲ್ಲ ಅವನ ಬೂಟಿನ ಮೇಲೂ ಚಪ್ಪಲಿಯ ಮೇಲೂ ಬಿದ್ದು ಮರಳಿಗೆ ಇಳಿಯಿತು. ಕೊನೆಯ ಹನಿಯನ್ನೂ ಕೊಡವಿದಳು. "ಪೂರ್ತಿ ದಾರಿ ಕೊಟ್ಟಿದ್ದೀನಿ ದೊರೆ. ಸುಖವಾಗಿ ಹೋಗಿ," ಎಂದಳು.

ಅತಿಥಿ ಒದ್ದೆ ಮರಳನ್ನು ನೋಡಿದ. ಒಮ್ಮೆಲೇ ಅವನು ಮುದುಕನಾಗಿ ಕಂಡ. "ಅಲ್ಲಿ," ಎಂದು ಕಡಲಾಚೆಗೆ ಕೈ ತೋರಿ ಸಣ್ಣ ದನಿಯಲ್ಲಿ ಹೇಳಿದ, "ಅಲ್ಲಿ ನನ್ನನ್ನು ಯಾರೂ ಎದ್ದು ನಿಂತು ಮಾತಾಡಿಸುವುದಿಲ್ಲ."

"ಮನೆಯವನನ್ನು ಯಾರು ಎದ್ದು ಮಾತಾಡಿಸ್ತಾರೆ ಮಗಾ?" ಎಂದಳು ಅವ್ವ. ಅವಳಿಗೂ ಕೊಂಚ ಕನಿಕರವಾಗಿತ್ತು. "ಮೊದಮೊದಲು ಕಷ್ಟ. ಅಭ್ಯಾಸ ಮಾಡ್ಕೋ."

ಅವನು ಹಡಗು ಹತ್ತಿದ. ಹಡಗು ಹೊರಟು ನಾಲ್ಕು ಮಾರು ಹೋಗಿತ್ತೋ ಇಲ್ಲವೋ, ಮೀನಿನವಳು ಕಿಟಾರನೆ ಕಿರುಚಿದಳು. ಕೊಡೆ ಅವಳ ಕೈಯಲ್ಲೇ ಇತ್ತು! ಊರಿಗೆ ಊರೇ ನಡುಗಿಹೋಯಿತು. ಅವಳು ಸೊಂಟದುದ್ದ ನೀರಿಗೆ ನುಗ್ಗಿ ಕೊಡೆಯನ್ನು ಈಟಿಯಂತೆ ಎಸೆದಳು. ಅದು ಹೋಗಿ ಹಡಗಿನ ಹಲಗೆಗೆ ನಾಟಿತು. ಅದಾದ ಮೇಲೆಯೇ ಎಲ್ಲರೂ ಉಸಿರು ಬಿಟ್ಟದ್ದು.

"ಅವ್ವಾ, ಈಗ ನೀನು..." ಎಂದು ದಾರಿ ಕೊಡುವವಳು ಕಣ್ಣೊರೆಸಿಕೊಂಡು ತಿರುಗಿದಳು. ಖಾಲಿ ಬುರುಡೆ ಎದೆಗೆ ಒತ್ತಿಕೊಂಡಿದ್ದಳು.

ಅವ್ವ ಕಡಲನ್ನು ನೋಡುತ್ತಿದ್ದಳು, ಆಮೇಲೆ ಹಲಗೆ ದಾರಿಯನ್ನು, ಈ ತುದಿಯಿಂದ ಆ ತುದಿಯವರೆಗೆ. "ಎಷ್ಟು ಚೆನ್ನಾಗಿ ಕಟ್ಟಿದ್ದೀವಲ್ಲೇ," ಎಂದಳು. "ಇನ್ನೇನು ಅವಸರ? ದಾರಿ ಇದೆಯಲ್ಲ, ಯಾವತ್ತಾದ್ರೂ ಹೋದರಾಯ್ತು. ನಡಿ, ಹಸಿವಾಗ್ತಿದೆ." ಬಟ್ಟೆಯನ್ನು ಎಂಟನೆಯ ಸಲ ಒಗೆಯಬೇಕಾಯಿತು.

ವಾಪಸು ಬರುವಾಗ ಒಂದು ವಿಚಿತ್ರ ನಡೆಯಿತು. ಸಾವಿರದ ಹೆಜ್ಜೆಗೆ ಬಂದದ್ದೇ ಎಲ್ಲರ ಕಾಲೂ ತಾವಾಗಿ ನಿಂತುಬಿಟ್ಟವು. ಹಲಗೆಯ ಮೇಲೆ ಕುರ್ಚಿಯ ನಾಲ್ಕು ಕಾಲಿನ ನಾಲ್ಕು ಗುಳಿ ಇದ್ದವು. ಗಂಡಸರು ಟೋಪಿ ತೆಗೆದರು. ಒಬ್ಬ ಅಭ್ಯಾಸಬಲದಿಂದ ಜೇಬಿನಿಂದ ಶೇಂಗಾ ತೆಗೆದು ಚಾಚಿದ. ತಿನ್ನುವವರಿರಲಿಲ್ಲ. ಹಿರಿಯನಂತೂ ತಾನಿನ್ನೂ ಹಿರಿಯನೇ ಎಂದು ಆ ಗುಳಿಗಳನ್ನೇ ಕೇಳಿದ. ಅವ್ವ ಚಟ್ಟದಿಂದ ಇಳಿದು, ಆ ಶೇಂಗಾ ಕಿತ್ತುಕೊಂಡು, ಹಲ್ಲಿಲ್ಲದ ಬಾಯಿಗೆ ಹಾಕಿ ಜಗಿದಳು. "ಬಹಳ ಚೆನ್ನಾಗಿದೆ," ಎಂದಳು. "ನಡೀರಿ."

ಮರುದಿನ ಬೆಳಿಗ್ಗೆ ದಾರಿ ಕೊಡುವವಳು ಎದ್ದು, ಕಣ್ಣು ಪೂರ್ತಿ ಬಿಡುವ ಮೊದಲೇ, ಗೂಟದಿಂದ ಬುರುಡೆ ಇಳಿಸಿ ನೀರು ತುಂಬಿದಳು. ಸರಿಯಾಗಿ ಅರ್ಧ. ಆಮೇಲೆ ನೆನಪಾಯಿತು. ಬುರುಡೆ ಹಿಡಿದು ಹೊಸ್ತಿಲಲ್ಲಿ ಕುಸಿದು ಕೂತಳು. ಇನ್ನು ಈ ಹೊಸ್ತಿಲು ದಾಟಿ ಯಾರೂ ಬರುವುದಿಲ್ಲ.

"ಪಕ್ಕಕ್ಕೆ ಸರಿಯೇ, ಬಾಗಿಲಲ್ಲಿ ಕೂತರೆ ಒಳಗೆ ಹೋಗೋದು ಹೇಗೆ?" ಎಂದು ಮೀನಿನವಳು ಅವಳನ್ನು ದಾಟಿ ಒಳಗೆ ಹೋದಳು, ಒಲೆಗೆ ಕೆಂಡ ಬೇಕೆಂದು.

"ಬರಬೇಡ್ವೇ! ಅತಿಥಿಗಳು ಬರೋ ಹಾಗಿಲ್ಲ!"

"ನಾನ್ಯಾವ ಸೀಮೆ ಅತಿಥಿ? ಪಕ್ಕದ ಮನೆಯವಳು," ಎಂದಳು ಮೀನಿನವಳು. ಆಮೇಲೆ ಪಹರೆಯವರಿಬ್ಬರು ಬಂದರು. ಕೆಲಸ ಹೋಗಿದೆ, ಏನಾದರೂ ತಿನ್ನಲಿದೆಯೇ ಎಂದು. ತಾವು ಅತಿಥಿಗಳಲ್ಲ ಎಂದು ಬಾಗಿಲಲ್ಲೇ ಹೇಳಿಕೊಂಡರು. ಆಮೇಲೆ ಹಿರಿಯ ಬಂದ, ಪದಕಗಳನ್ನು ಮನೆಯಲ್ಲಿ ಬಿಟ್ಟು, ಕತ್ತು ನೀವಿಕೊಳ್ಳುತ್ತ. ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿ, ಅವ್ವ ಎಲ್ಲರಿಗೂ ಒಂದೊಂದು ಬೈಗುಳ ಹಂಚುತ್ತಿದ್ದಳು. ಎಷ್ಟು ಜನ ಬಂದರೂ ಅವರಲ್ಲಿ ಅತಿಥಿ ಒಬ್ಬನೂ ಇರಲಿಲ್ಲ.

ಸಂಜೆಯಾಗುತ್ತ ಬಂದಾಗ ಬಾಗಿಲಲ್ಲಿ ಒಬ್ಬ ಹೊಸಬ ನಿಂತಿದ್ದ. ಬೇರೆ ದಿಕ್ಕಿನ ಕಡಲಿನಿಂದ ಬಂದವನು, ಬೇರೆ ಬಣ್ಣದ ಟೋಪಿ. ಕಂಕುಳಲ್ಲಿ ಮಡಚುವ ಕುರ್ಚಿಯೊಂದಿತ್ತು. ಅವನ ನಗುವಂತೂ ಬಲು ವಿನಯದ್ದು.

"ನಿಮ್ಮ ಊರಲ್ಲಿ ಅರ್ಧ ದಾರಿಯಲ್ಲಿ ಒಳ್ಳೆಯ ಜಾಗ ಖಾಲಿಯಾಗಿದೆಯಂತೆ," ಎಂದ. "ಅದಿರಲಿ. ಮೊದಲು ಒಳಗೆ ಬಂದು ಒಂದು ಗುಟುಕು ನೀರು ಕುಡಿಯಬಹುದೇ?"

ದಾರಿ ಕೊಡುವವಳು ಅವನ ಕಾಲು ನೋಡಿದಳು, ಹೊಸ್ತಿಲು ನೋಡಿದಳು. ಆ ಹೊಸ್ತಿಲು ಸತ್ತಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಅದು ಕಾವಲು ಕೂತಿತ್ತು.

"ಕ್ಷಮಿಸಬೇಕು," ಎಂದಳು, ಮರ್ಯಾದೆಯಿಂದಲೇ. "ಈ ಮನೆಗೆ ಶಾಪವಿದೆ. ಅತಿಥಿಗಳು ಹೊಸ್ತಿಲು ದಾಟುವಂತಿಲ್ಲ. ನಿಮಗೇನಾದ್ರೂ ಕೊಡೋದು ಕೊಳ್ಳೋದು ಇದ್ರೆ ಸಂತೆಯಲ್ಲಿ ನಿಂತ್ಕೊಂಡು ಮುಗಿಸಿ. ಕತ್ತಲಾಗೋ ಮೊದಲು ಹಡಗು ಹತ್ತಿ. ದಾರಿ ಪೂರ್ತಿ ತೆರೆದಿದೆ."

ಅವನು ಕುರ್ಚಿಯನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಾಯಿಸಿ, ಬುರುಡೆಯನ್ನು ಆಸೆಯಿಂದ ನೋಡಿದ. "ಹಾಗಾದರೆ ಆ ನೀರು ಯಾರಿಗೆ?"

ದಾರಿ ಕೊಡುವವಳು ಬುರುಡೆಯನ್ನು ನೋಡಿದಳು. ಅರವತ್ತು ವರ್ಷ ಅದಕ್ಕೆ ನೀರು ತುಂಬಿದ್ದಾಗಿತ್ತು. ಅದನ್ನು ಕುಡಿದವರು ಯಾರೂ ಇರಲಿಲ್ಲ. ಬೆಳಗಿನಿಂದ ಅಷ್ಟು ಜನಕ್ಕೆ ಬಡಿಸಿ ಅವಳ ಗಂಟಲು ಒಣಗಿತ್ತು. ಅವಳು ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ, ಅವನ ಎದುರಿಗೇ, ಗಟಗಟನೆ ಪೂರ್ತಿ ಕುಡಿದಳು.

"ನನಗೆ," ಎಂದಳು.